ನಾಲ್ಕು ಮನೆಯ ಹಾಳೆ

ಅರಕೆರೆ ಹತ್ತಿರ,
12 ಜುಲೈ 2024

ರವೀಂದ್ರ ಅವರಿಗೆ,

ನೀವು ನನ್ನನ್ನು ನೋಡಿಲ್ಲ. ನಿಮ್ಮ ಮಗಳು ಚಿನ್ನು ಈ ವರ್ಷ ಒಂದನೇ ತರಗತಿಗೆ ಸೇರಿದ್ದಾಳೆ, ನಾನು ಅವಳ ಟೀಚರು. ನಾಗಮಂಗಲದ ಕಡೆಯವಳು, ವರ್ಗವಾಗಿ ನಿಮ್ಮೂರಿಗೆ ಬಂದಿದ್ದೇನೆ. ವಿಳಾಸ ಕೇಳಲು ಹೋದಾಗ ನಿಮ್ಮ ತಾಯಿ ಅಣ್ಣಮ್ಮನವರು ಮೊದಲು ಬಾಗಿಲು ಹಾಕಿಕೊಂಡರು. ಸ್ವಲ್ಪ ಹೊತ್ತಿಗೆ ತೆಗೆದು, "ಜೈಲಿಗೆ ಬರೆಯೋ ಕಾಗ್ದವ ಸಾಯೇಬ್ರು ಓದ್ತಾರಂತೆ ಕಣವ್ವ, ನೋಡ್ಕಂಡು ಬರಿ" ಎಂದು ಎಚ್ಚರಿಸಿ ಕೊಟ್ಟರು. ಓದುತ್ತಿರುವ ಸಾಹೇಬರಿಗೂ ನನ್ನ ನಮಸ್ಕಾರ.

ವಿಷಯ ಇಷ್ಟು. ನಮ್ಮ ತರಗತಿಯ ಮಕ್ಕಳಿಗೆ ಇನ್ನೂ ಅಕ್ಷರ ಕೂಡಿಬಂದಿಲ್ಲ. ಹಾಗಂತ ಅವರ ಹೊಟ್ಟೆಯಲ್ಲಿರುವ ಕಥೆ ಕಾಯುತ್ತದೆಯೇ? ಅದಕ್ಕೇ ಚಿತ್ರದಲ್ಲಿ ಕಥೆ ಹೇಳಿಸುತ್ತೇನೆ. ಒಂದು ಹಾಳೆಯನ್ನು ಎರಡು ಸಲ ಮಡಿಸಿ ಬಿಚ್ಚಿದರೆ ನಾಲ್ಕು ಮನೆ ಆಗುತ್ತವೆ. ಮೊದಲ ಮನೆಯಲ್ಲಿ ಶುರು, ಕೊನೆಯ ಮನೆಯಲ್ಲಿ ಮುಗಿತಾಯ, ನಡುವೆ ಏನಾಯಿತೋ ಅದು. ನಾನು ಎರಡೇ ಪ್ರಶ್ನೆ ಕೇಳುತ್ತೇನೆ. ಒಂದು, "ಆಮೇಲೆ?" ಇನ್ನೊಂದು, "ಹೀಗೇ ನಡೀತಾ?" ಎರಡನೆಯದು ಸುಳ್ಳು ಹಿಡಿಯುವುದಕ್ಕಲ್ಲ, ಮಗು ತಾನು ಬರೆದದ್ದನ್ನು ಇನ್ನೊಮ್ಮೆ ನೋಡಲಿ ಅಂತ. ಮೊನ್ನೆ ರಾಹುಲ್ ಅನ್ನುವ ಹುಡುಗ ಬಸ್ಸಿನೊಳಗೆ ಆನೆ ಕೂರಿಸಿದ್ದ. ಹೀಗೇ ನಡೀತಾ ಅಂದೆ. ಚಿತ್ರ ನೋಡಿ ತಲೆ ಕೆರೆದುಕೊಂಡು, "ಇಲ್ಲ ಮಿಸ್, ಇಳಿಸ್ಬುಟ್ರು. ಗಂಡಾನೆ, ಅದ್ಕೆ ಟಿಕೆಟ್ ಬೇಕಂತೆ" ಅಂದ. ಫ್ರೀ ಬಸ್ಸಿನ ಕಾಲ ನೋಡಿ, ಕಾನೂನು ಅವನಿಗೂ ಗೊತ್ತು.

ಕಥೆ ಅಂದಮೇಲೆ ಕೇಳುವವರು ಬೇಕು. ಹಾಳೆ ಮುಗಿದ ಮೇಲೆ ಪ್ರತಿ ಮಗುವೂ ಇದು ಯಾರಿಗೆ ಅಂತ ಹೇಳಬೇಕು, ನಾನು ತಲುಪಿಸಬೇಕು, ಅದು ನಮ್ಮ ನಿಯಮ. ಒಬ್ಬಳು ಅಜ್ಜಿಗೆ ಅಂದಳು, ಒಬ್ಬ ಎಮ್ಮೆಗೆ ಅಂದ, ಕೊಟ್ಟಿಗೆಗೆ ಹೋಗಿ ತೋರಿಸಿ ಬಂದೆ. ಚಿನ್ನು "ನಮ್ಮಪ್ಪಂಗೆ" ಅಂದಳು. ಜೊತೆಗಿದೆ, ನೋಡಿ. ಕೋಳಿಯೊಂದು ಮನೆ ಸೂರಿಗೆ ಹತ್ತಿ ನಾಲೆ ನೀರು ಕುಡಿದ ಕಥೆ. ನಾಲೆಯನ್ನು ಸೂರಿಗಿಂತ ಮೇಲೆ ಬರೆದಿದ್ದಳು, ನಾನೇ ರಬ್ಬರಿನಲ್ಲಿ ಅಳಿಸಿ ಕೆಳಗೆ ತಿದ್ದಿದ್ದೇನೆ. ನೀವು ಹೆಚ್ಚೇನೂ ಬರೆಯಬೇಕಿಲ್ಲ. ನೋಡಿದೆ ಅಂತ ಒಂದು ಸಾಲು ಸಾಕು.

ಇಂತಿ,
ಸಂಘಮಿತ್ರಾ

*

22 ಆಗಸ್ಟ್ 2024

ರವೀಂದ್ರ ಅವರಿಗೆ,

ಎಮ್ಮೆಯಾದರೂ ಚಿತ್ರ ನೋಡಿ ಕಿವಿ ಅಲ್ಲಾಡಿಸಿತು. ನಿಮ್ಮಿಂದ ಒಂದು ಸಾಲೂ ಇಲ್ಲ.

ಮಕ್ಕಳು ಚಿನ್ನುವನ್ನು ಕೇಳುತ್ತಾರೆ, ನಿಮ್ಮಪ್ಪ ನೋಡಿದ್ರಾ ಅಂತ. "ಅಪ್ಪಂಗೆ ಕೆಲ್ಸ ಜಾಸ್ತಿ" ಅನ್ನುತ್ತಾಳೆ. ಅದನ್ನು ಹೇಳುವಾಗ ಅವಳು ನನ್ನ ಮುಖ ನೋಡುತ್ತಾಳೆ, ನಾನು ಕರಿಹಲಗೆ ಒರೆಸಲು ತಿರುಗುತ್ತೇನೆ. ನಿಮಗೆ ನಾಚಿಕೆಯೋ, ಕೋಪವೋ, ಪೆನ್ನಿಲ್ಲವೋ ನನಗೆ ತಿಳಿಯದು. ಮೂರನೆಯದಾದರೆ ಇದರೊಳಗೆ ಸ್ಟಾಂಪು ಹಚ್ಚಿದ ಕವರು ಇಟ್ಟಿದ್ದೇನೆ, ಪೆನ್ನನ್ನು ಓದುವ ಸಾಹೇಬರು ಕೊಟ್ಟಾರು.

ಸಂಘಮಿತ್ರಾ

*

ಮೈಸೂರು,
5 ಸೆಪ್ಟೆಂಬರ್ 2024

ಮೇಡಂ ಅವರಿಗೆ ನಮಸ್ಕಾರ.

ನೋಡಿದೆ.

ಒಂದು ಸಾಲು ಸಾಕು ಅಂದಿದ್ದಿರಿ, ಆದರೆ ಇನ್ನೊಂದು ಮಾತು ಹೇಳಬೇಕು. ನಮ್ಮ ಮನೆ ನಾಲೆ ಏರಿಯ ಕೆಳಗಿದೆ. ನಾಲೆ ನೀರು ನಮ್ಮ ಸೂರಿಗಿಂತ ಮೇಲೇ ಹೋಗುವುದು. ಮಗು ಬರೆದದ್ದು ಸರಿ. ಅಳಿಸಿದ ಜಾಗದಲ್ಲಿ ಅವಳು ಒತ್ತಿ ಬರೆದ ಗೆರೆ ಇನ್ನೂ ಉಳಿದಿದೆ, ಹಾಳೆಯನ್ನು ಓರೆ ಹಿಡಿದರೆ ಕಾಣುತ್ತದೆ. ಮುಂದೆ ಅವಳು ಬರೆದದ್ದನ್ನು ಹಾಗೇ ಕಳಿಸಿ, ತಿದ್ದಬೇಡಿ.

ಒಂದು ಬೇಡಿಕೆ. ನಾನು ಎಲ್ಲಿದ್ದೀನಿ ಅಂತ ಅವಳಿಗೆ ಹೇಳಬೇಡಿ. ಅವ್ವ ಅವಳಿಗೆ ಏನೋ ಹೇಳಿ ಸಮಾಧಾನ ಮಾಡಿದ್ದಾಳಂತೆ, ಏನು ಅಂತ ನನಗೂ ಗೊತ್ತಿಲ್ಲ. ಹೊರಗೆ ಬರಲು ಇನ್ನೂ ಎರಡು ವರ್ಷ ಇದೆ. ಅಲ್ಲಿವರೆಗೆ ಅದೇ ಇರಲಿ. ನನ್ನ ವಿಷಯ ಅವಳನ್ನು ಏನೂ ಕೇಳಬೇಡಿ, ನಿಮ್ಮ ಕಾಲಿಗೆ ಬೀಳ್ತೀನಿ.

ರವೀಂದ್ರ

*

18 ಅಕ್ಟೋಬರ್ 2024

ರವೀಂದ್ರ ಅವರಿಗೆ,

ನಿಮ್ಮ ಕಾಗದ ಬಂದ ಸಂಜೆಯೇ ನಿಮ್ಮ ಮನೆ ಹಿಂದೆ ಹೋಗಿ ಏರಿ ಹತ್ತಿದೆ. ನಿಮ್ಮ ಸೂರಿನ ಹೆಂಚು ನನ್ನ ಪಾದದ ಕೆಳಗಿತ್ತು, ನಾಲೆ ನನ್ನ ಪಕ್ಕದಲ್ಲೇ ತುಂಬಿ ಹರಿಯುತ್ತಿತ್ತು. ಕೋಳಿಯೊಂದು ನಿಜವಾಗಿಯೂ ಏರಿ ಮೇಲೆ ನಿಂತು ನೀರು ಕುಡಿಯುತ್ತಿತ್ತು, ನನ್ನನ್ನು ನೋಡಿ ಓಡಿಹೋಯಿತು. ನಮ್ಮ ನಾಗಮಂಗಲದ ಕಡೆ ನೀರು ಅಂದರೆ ಕೆಳಗಿರುವುದು, ಹಗ್ಗ ಬಿಟ್ಟು ಎತ್ತುವುದು. ನೀರು ತಲೆಯ ಮೇಲೆ ಹೋಗುವ ಊರು ನಾನು ಕಂಡಿರಲಿಲ್ಲ. ಮಾರನೆಯ ದಿನ ತರಗತಿಯಲ್ಲಿ ಎಲ್ಲರ ಮುಂದೆ ಚಿನ್ನುವಿಗೆ ತಪ್ಪಾಯಿತು ಅಂದೆ. "ಪರ್ವಾಗಿಲ್ಲ ಬುಡಿ ಮಿಸ್" ಅಂತ ದೊಡ್ಡ ಹೆಂಗಸಿನ ಹಾಗೆ ಕ್ಷಮಿಸಿದಳು. ಆವತ್ತಿನಿಂದ ತರಗತಿಯಲ್ಲಿ ನನ್ನ ಕೈಗೆ ರಬ್ಬರು ಕೊಡುವವರಿಲ್ಲ.

ಹೊಸ ಹಾಳೆ ಕಳಿಸುತ್ತಿದ್ದೇನೆ. ದೊಡ್ಡ ನೀರು, ಅದರ ಹಿಂದೆ ಗುಡ್ಡ, ದಡದಲ್ಲಿ ಕೈಕಟ್ಟಿ ನಿಂತ ಒಬ್ಬ ಮನುಷ್ಯ. ನಾಲ್ಕೂ ಮನೆಯಲ್ಲಿ ಅವನು ಹಾಗೇ ನಿಂತಿದ್ದಾನೆ, ಸೂರ್ಯ ಮಾತ್ರ ಜಾಗ ಬದಲಾಯಿಸುತ್ತಾನೆ. ಯಾರು ಅಂತ ಕೇಳಲು ನಾಲಿಗೆ ತುದಿಗೆ ಬಂತು. ನೀವೇ ಇರಬಹುದು ಅನಿಸಿ, ನಿಮಗೆ ಕೊಟ್ಟ ಮಾತಿಗೆ ಕೇಳದೆ ಬಿಟ್ಟೆ. ಮೇಲೆ ಬರೆದ ನಾಲೆಯಂತೆ ಇದೂ ನಿಮ್ಮೂರಿನದೇ ಯಾವುದೋ ನೀರು ಅಂದುಕೊಂಡೆ.

ಡಿಸೆಂಬರಿನಲ್ಲಿ ಮಕ್ಕಳನ್ನು ಒಂದು ದಿನದ ಪ್ರವಾಸಕ್ಕೆ ಕರೆದೊಯ್ಯುತ್ತೇವೆ. ಬೆಳಿಗ್ಗೆ ಕರಿಘಟ್ಟ, ಮಧ್ಯಾಹ್ನ ಪಾಂಡವಪುರದ ಆಚೆ ತೊಣ್ಣೂರು ಕೆರೆ. ಚಿನ್ನುವಿನ ಹೆಸರನ್ನು ಅವಳ ತಾಯಿ ರಂಜಿತ ಅವರೇ ಬಂದು ಬರೆಸಿದರು. ಅವರು ಕೆಲಸಕ್ಕೆ ಹೋಗುವ ಗಾರ್ಮೆಂಟ್ಸಿನ ವ್ಯಾನು ಹಾರ್ನ್ ಹೊಡೆಯುತ್ತಿತ್ತು, ಸಹಿ ಹಾಕಿ ಓಡಿದರು.

ಸಂಘಮಿತ್ರಾ

*

16 ಡಿಸೆಂಬರ್ 2024

ರವೀಂದ್ರ ಅವರೇ,

ಈ ಕಾಗದವನ್ನು ಕೂತು ಓದಿ. ಮೊದಲೇ ಹೇಳಿಬಿಡುತ್ತೇನೆ, ಚಿನ್ನು ಕ್ಷೇಮವಾಗಿದ್ದಾಳೆ.

ಶನಿವಾರ ತೊಣ್ಣೂರು ಕೆರೆಯ ದಡದಲ್ಲಿ ಮಕ್ಕಳನ್ನೆಲ್ಲ ಊಟಕ್ಕೆ ಕೂರಿಸಿದೆವು. ತಲೆ ಎಣಿಸಿದಾಗ ಒಂದು ಕಮ್ಮಿ ಬಂತು. ಚಿನ್ನು ಇರಲಿಲ್ಲ. ಆ ನೀರನ್ನು ನೀವು ನೋಡಿರುತ್ತೀರಿ, ಆಚೆ ಗುಡ್ಡದವರೆಗೂ ಅಗಲ. ಹೆಡ್ಮೇಷ್ಟ್ರು ಶಂಕರ್ ಸರ್ ಚಪ್ಪಲಿ ಬಿಟ್ಟು ಒಂದು ಕಡೆ ಓಡಿದರು, ನಾನು ಅವಳ ಹೆಸರು ಕೂಗುತ್ತ ಏರಿ ಉದ್ದಕ್ಕೂ ಓಡಿದೆ.

ಕೆರೆಯಿಂದ ಕಾಲುವೆಗೆ ನೀರು ಬಿಡುವ ತೂಬಿನ ಹತ್ತಿರ ಕಲ್ಲಿನ ಮೇಲೆ ಕೂತಿದ್ದಳು. ತೊಡೆಯ ಮೇಲೆ ಟಿಫಿನ್ ಡಬ್ಬಿ, ಅದರಲ್ಲಿ ಅಣ್ಣಮ್ಮನವರು ಕಟ್ಟಿಕೊಟ್ಟ ಚಿತ್ರಾನ್ನ, ಅರ್ಧ ತಿಂದು ಅರ್ಧ ಹಾಗೇ ಉಳಿಸಿದ್ದು. ತಬ್ಬಿಕೊಂಡು ಅತ್ತುಬಿಟ್ಟೆ. ಅವಳು ಅಳಲಿಲ್ಲ. "ಅಪ್ಪ ಊಟಕ್ಕೆ ಓಗಿರ್‍ಬೇಕು ಮಿಸ್, ಬತ್ತದೆ. ತೂಬು ಬುಟ್ಟು ಎಲ್ಲೂ ಓಗಂಗಿಲ್ಲ ಅಂತ ಅಜ್ಜಿ ಯೋಳದೆ" ಅಂದಳು. ಆಮೇಲೆ ಡಬ್ಬಿ ತೋರಿಸಿ, "ಉಪ್ಪು ಕಮ್ಮಿ ಅದೆ. ಅಪ್ಪ ಬಯ್ಯಾಕಿಲ್ಲ" ಅಂದಳು.

ಈಗ ತಿಳಿಯಿತೇ? ನಿಮ್ಮ ತಾಯಿ ಅವಳಿಗೆ ಹೇಳಿದ್ದು ಇದು. ನಿಮ್ಮಪ್ಪ ತೊಣ್ಣೂರು ಕೆರೆ ತೂಬು ಕಾಯುತ್ತಾನೆ, ಅವನು ಈಚೆ ಬಂದರೆ ನಮ್ಮ ಗದ್ದೆಗೆಲ್ಲ ನೀರಿಲ್ಲ ಅಂತ. ಇಷ್ಟು ದಿನ ಅವಳು ಬರೆದದ್ದು ಅದನ್ನೇ. ನಾನು ಕೇಳಿದ್ದರೆ ಹೇಳುತ್ತಿದ್ದಳು. ನೀವು ಬೇಡ ಅಂದಿರಿ, ನಾನು ಕೇಳಲಿಲ್ಲ, ಆ ನೀರಿನ ದಡದಲ್ಲಿ ಮಗು ಒಂಟಿಯಾಗಿ ನಡೆದುಹೋಯಿತು.

ಬಸ್ಸು ಹೊರಡುವಾಗ ಅಳುತ್ತಿದ್ದದ್ದು ನಾನೊಬ್ಬಳೇ. ಅವಳು ಹಿಂದಿನ ಗಾಜಿನಲ್ಲಿ ತೂಬಿನ ಕಡೆಯೇ ನೋಡುತ್ತಿದ್ದಳು. ಪಾಂಡವಪುರ ದಾಟಿದ ಮೇಲೆ ನನ್ನ ಕಡೆ ತಿರುಗಿ, "ಅಲ್ಲಿ ಯಾರೂ ಇಲ್ಲ ಅಲ್ವಾ ಮಿಸ್?" ಎಂದು ಕೇಳಿದಳು. ನಾನು ಸುಳ್ಳು ಹೇಳಲಿಲ್ಲ. ಇಲ್ಲ ಕಂದ ಅಂದೆ. ಎಲ್ಲಿದ್ದಾರೆ ಅನ್ನುವುದನ್ನು ನಾನು ಹೇಳುವಂತಿರಲಿಲ್ಲ.

ಇವತ್ತು ತರಗತಿಯಲ್ಲಿ ಹಾಳೆ ಕೊಟ್ಟೆ. ಮಡಿಸಿದಳು, ಬಿಚ್ಚಿದಳು, ಮತ್ತೆ ಮಡಿಸಿ ನನ್ನ ಮೇಜಿನ ಮೇಲಿಟ್ಟು ಹೋದಳು. ನಾಲ್ಕು ಮನೆಯೂ ಖಾಲಿ. ದೊಡ್ಡವರ ಕಥೆಗಳ ಮೇಲೆ ಅವಳಿಗೆ ನಂಬಿಕೆ ಹೋಗಿದೆ. ಇದನ್ನು ನಾನು ಸರಿಮಾಡಲಾರೆ, ನಿಮ್ಮ ತಾಯಿಯೂ ಮಾಡಲಾರರು. ನಡೆದದ್ದು ನಿಮ್ಮ ಕಥೆ. ನೀವೇ ಹೇಳಬೇಕು. ಅವಳಿಗೆ ಓದಲು ಬರುವುದಿಲ್ಲ, ಆದ್ದರಿಂದ ಚಿತ್ರ ಬರೆದು ಹೇಳಿ. ಖಾಲಿ ಹಾಳೆ ಇಟ್ಟಿದ್ದೇನೆ. ಅವಳೇ ಮಡಿಸಿದ್ದು.

ಸಂಘಮಿತ್ರಾ

*

30 ಡಿಸೆಂಬರ್ 2024

ಮೇಡಂ,

ನಿಮ್ಮ ಕಾಗದವನ್ನು ಕೂತೇ ಓದಿದೆ. ಅವ್ವನನ್ನು ಬಯ್ಯಬೇಡಿ. ಮಗುವಿಗೆ ಏನು ಹೇಳಿದ್ದೀಯ ಅಂತ ನಾನೂ ಅವಳನ್ನು ಕೇಳಲಿಲ್ಲ.

ಚಿತ್ರ ಬರೆಯುವುದು ನನಗೆ ಬರೋದಿಲ್ಲ. ಶಾಲೆಯಲ್ಲಿ ಎರಡು ಗುಡ್ಡ, ನಡುವೆ ಸೂರ್ಯ ಬರೆಸುತ್ತಿದ್ದರು, ನನ್ನ ಗುಡ್ಡ ರಾಗಿಮುದ್ದೆ ಥರ ಬರುತ್ತಿತ್ತು. ಆದರೂ ಪ್ರಯತ್ನ ಮಾಡಿದ್ದೀನಿ. ಮೊದಲನೇ ಮನೆಯಲ್ಲಿ ನಾನು ಗದ್ದೆಯಲ್ಲಿದ್ದೀನಿ. ಎರಡನೆಯದರಲ್ಲಿ ಪಕ್ಕದ ಗದ್ದೆಯ ತಮ್ಮಯ್ಯ ಹಾರೆ ಹಿಡಿದುಕೊಂಡು ಬರುತ್ತಾನೆ. ಮೂರನೆಯದರಲ್ಲಿ ಜಗಳ. ನಾಲ್ಕನೆಯದರಲ್ಲಿ ನಾನು ಇಲ್ಲಿ, ಜೈಲಲ್ಲಿ. ಸರಿ ಇದ್ದರೆ ಅವಳಿಗೆ ಕೊಡಿ.

ರವೀಂದ್ರ

*

8 ಜನವರಿ 2025

ರವೀಂದ್ರ ಅವರಿಗೆ,

ನಿಮ್ಮ ಹಾಳೆಯನ್ನು ವಾಪಸು ಕಳಿಸುತ್ತಿದ್ದೇನೆ. ತಿದ್ದಿಲ್ಲ, ನನ್ನ ರಬ್ಬರು ಮಕ್ಕಳು ಕಿತ್ತುಕೊಂಡಿದ್ದಾರೆ.

ಗುಡ್ಡ ಮುದ್ದೆಯಾದರೆ ಆಗಲಿ ಬಿಡಿ. ಮನುಷ್ಯನಿಗೆ ಒಂದು ಸೊನ್ನೆ, ಒಂದು ಗೆರೆ, ಕೈಗೆರಡು ಕಾಲಿಗೆರಡು ಕಡ್ಡಿ ಸಾಕು. ಕಣ್ಣುಮೂಗು ಬರೆಯಲು ಹೋಗಬೇಡಿ, ಯಾರು ಎಲ್ಲಿ ನಿಂತಿದ್ದಾರೆ, ಯಾರ ಕೈಯಲ್ಲಿ ಏನಿದೆ, ಅಷ್ಟನ್ನು ಮಾತ್ರ ಸರಿಯಾಗಿ ಬರೆಯಿರಿ. ಮಕ್ಕಳು ಮೊದಲು ನೋಡುವುದು ಕೈಯನ್ನೇ. ಇನ್ನೊಂದು ಗಮನಿಸಿದ್ದೇನೆ, ಮಕ್ಕಳು ಯಾರಿಗೆ ಹೆದರುತ್ತಾರೋ ಅವರನ್ನು ದೊಡ್ಡದಾಗಿ ಬರೆಯುತ್ತಾರೆ. ನೀವು ತಮ್ಮಯ್ಯನವರನ್ನು ತೆಂಗಿನ ಮರದಷ್ಟು ಎತ್ತರ ಬರೆದಿದ್ದೀರಿ.

ತಮ್ಮಯ್ಯನವರು ದಿನಾ ನಮ್ಮ ಶಾಲೆಯ ಮುಂದೆ ಹಾಲಿನ ಕ್ಯಾನು ಹಿಡಿದು ಡೇರಿಗೆ ಹೋಗುತ್ತಾರೆ. ಒಂದು ಕೈಯಲ್ಲಿ ಕ್ಯಾನು, ಒಂದು ಕೈಯಲ್ಲಿ ಊರುಗೋಲು. ನನ್ನ ಭುಜದಷ್ಟು ಎತ್ತರವಿಲ್ಲ. ಮಕ್ಕಳು ಅವರ ನಡಿಗೆ ಅಣಕಿಸುತ್ತಾರೆ, ಚಿನ್ನುವೂ ಒಂದೆರಡು ಸಲ ಅಣಕಿಸಿದ್ದಾಳೆ. ನಿಮ್ಮ ಚಿತ್ರವನ್ನು ಅವಳಿಗೆ ತೋರಿಸಿದರೆ ಮಾರನೆಯ ಬೆಳಿಗ್ಗೆ ಅವಳು ಕಿಟಕಿಯಲ್ಲಿ ಅವರನ್ನು ನೋಡುತ್ತಾಳೆ. ಆಮೇಲೆ ಏನು ಯೋಚಿಸುತ್ತಾಳೆ ಅನ್ನುವುದು ನಿಮಗೆ ಬಿಟ್ಟದ್ದು.

ಒಂದನೇ ತರಗತಿಯವರನ್ನು ಕೇಳುವುದನ್ನೇ ನಿಮ್ಮನ್ನೂ ಕೇಳುತ್ತೇನೆ. ಇದು ಹೀಗೇ ನಡೀತಾ?

ಸಂಘಮಿತ್ರಾ

*

5 ಫೆಬ್ರವರಿ 2025

ಇವರಿಗೆ,

ನೀವು ಬರೆದ ಎರಡನೇ ಹಾಳೆಯನ್ನು ಟೀಚರು ಮನೆಗೆ ತಂದು ನನ್ನ ಕೈಗೇ ಕೊಟ್ಟರು. ನಾನು ಮೊದಲು ನೋಡಿದೆ. ನೋಡದೆ ಮಗುವಿಗೆ ಕೊಡುವಷ್ಟು ನಂಬಿಕೆ ನನಗೆ ಉಳಿದಿರಲಿಲ್ಲ.

ಮೊದಲನೇ ಮನೆ, ಸರದಿ ಮೇಲೆ ಕಟ್ಟುನೀರು ಬಿಟ್ಟ ದಿನ, ಅವತ್ತು ತಮ್ಮಯ್ಯನ ಸರದಿ, ನೀರು ಅವನ ಗದ್ದೆಗೆ ಹೋಗುತ್ತಿದೆ. ಎರಡನೇ ಮನೆ, ನೀವು ಮಣ್ಣು ಹಾಕಿ ಅವನ ಕಾಲುವೆ ಕಟ್ಟಿ ನೀರನ್ನು ನಮ್ಮ ಗದ್ದೆಗೆ ತಿರುಗಿಸಿದ್ದೀರಿ. ಮೂರನೇ ಮನೆ, ಅವನು ಬಗ್ಗಿ ಬರಿಗೈಯಲ್ಲಿ ಮಣ್ಣು ತೆಗೀತಾ ಇದ್ದಾನೆ, ನೀವು ಅವನ ಕಾಲಿನ ಮೇಲೆ ಗುದ್ದಲಿ ಎತ್ತಿದ್ದೀರಿ. ನಾಲ್ಕನೇ ಮನೆ, ದೊಡ್ಡ ಗೋಡೆ, ಕಂಬಿ, ಒಳಗೆ ನೀವು.

ಕೋರ್ಟಲ್ಲಿ ನೀವು ಅವನ ಕೈಲಿ ಹಾರೆ ಇತ್ತು, ಹಾರೆ ಇತ್ತು ಅಂದಿರಿ. ನನಗೂ ಹಾಗೇ ಹೇಳಿದಿರಿ. ನಾನು ಊರೆಲ್ಲ ಅದನ್ನೇ ಹೇಳಿಕೊಂಡು ತಿರುಗಿದೆ, ತಮ್ಮಯ್ಯನ ಹೆಂಡತಿ ಮಂಚಮ್ಮನ ಮುಖಕ್ಕೆ ಹೊಡೆದ ಹಾಗೆ ಹೇಳಿದೆ. ಅದು ಸುಳ್ಳು ಅಂತ ಗೊತ್ತಿತ್ತು ನನಗೆ. ನಿಮ್ಮ ಬಾಯಿಂದ ಬರಲಿ ಅಂತ ಇದ್ದೆ, ಬರಲಿಲ್ಲ, ಅದಕ್ಕೇ ನಿಮ್ಮನ್ನು ನೋಡೋಕೆ ಬರುವುದು ಬಿಟ್ಟೆ.

ಭಾನುವಾರ ಮಗುವಿಗೆ ತೋರಿಸಿದೆ. ಅತ್ತೆ ಎದ್ದು ಹಿತ್ತಲಿಗೆ ಹೋದರು. ಅವಳು ಒಂದೊಂದು ಮನೆ ಮೇಲೂ ಬೆರಳಿಟ್ಟು ನೋಡಿದಳು. ಮೂರನೇ ಮನೆಯಲ್ಲಿ ತುಂಬ ಹೊತ್ತು ನಿಂತಳು. "ಇದು ತಮ್ಮಯ್ಯ ತಾತನ ಕಾಲಾ?" ಅಂದಳು. ಹೂಂ ಅಂದೆ. "ಅಪ್ಪನೇ ಒಡುದ್ದಾ?" ಹೂಂ ಅಂದೆ. ಸಿಟ್ಟು ಬಂತು ಅವಳಿಗೆ, ಹಾಳೆ ಬಿಸಾಕಿ ಎದ್ದು ಹೋದಳು. ಸಂಜೆ ತಾನೇ ಎತ್ತಿಕೊಂಡು ಬಂದು ನನ್ನ ಪಕ್ಕ ಕೂತು ನಾಲ್ಕನೇ ಮನೆ ತೋರಿಸಿ, "ಆಮೇಲೆ?" ಅಂದಳು. ಆಮೇಲೆ ಏನು ಅಂತ ನನಗೆ ಗೊತ್ತಿಲ್ಲ ಕಂದ ಅಂದೆ. "ಅಲ್ಲಿ ಅಪ್ಪಂಗೆ ಊಟ ಯಾರು ಕೊಡ್ತಾರೆ?" ಅಂತ ಕೇಳಿದಳು.

ಸೋಮವಾರ ತಮ್ಮಯ್ಯ ಡೇರಿಗೆ ಹೋಗುವಾಗ ಇವಳು ಹೋಗಿ ಕ್ಯಾನಿನ ಕಿವಿ ಹಿಡಿದುಕೊಂಡಳಂತೆ. ಅವನು ಬೇಡ ಅನ್ನಲಿಲ್ಲವಂತೆ. ಮಂಚಮ್ಮ ಬಂದು ಹೇಳಿದಳು. ನಮ್ಮ ಮನೆ ಮೆಟ್ಟಿಲು ಅವಳು ತುಳಿದದ್ದು ಆವತ್ತಿನಿಂದ ಇದೇ ಮೊದಲು.

ಮುಂದಿನ ತಿಂಗಳು ರಜೆ ಹಾಕಿ ಅವಳನ್ನು ಕರೆದುಕೊಂಡು ಬರುತ್ತೀನಿ. ನಿಮಗೋಸ್ಕರ ಅಲ್ಲ. ಅವಳು ಕೇಳಿದಳು, ಅದಕ್ಕೆ.

ರಂಜಿತ

*

ಮೈಸೂರು,
10 ಮಾರ್ಚ್ 2025

ಮೇಡಂ ಅವರಿಗೆ ನಮಸ್ಕಾರ.

ಶುಕ್ರವಾರ ಬಂದಿದ್ದರು. ನಡೆದದ್ದನ್ನು ನಿಮಗೆ ಚಿತ್ರದಲ್ಲೇ ಕಳಿಸೋಣ ಅಂತ ಹಾಳೆ ಮಡಿಸಿದೆ, ನಾಲ್ಕು ಮನೆ ಸಾಲಲಿಲ್ಲ. ಆದ್ದರಿಂದ ಅಕ್ಷರದಲ್ಲೇ ಬರೆಯುತ್ತಿದ್ದೀನಿ.

ಚಿತ್ರಾನ್ನ ತಂದಿದ್ದರಂತೆ. ಮನೆ ಊಟ ಒಳಗೆ ಬಿಡುವಂತಿಲ್ಲ, ಗೇಟಿನಲ್ಲೇ ಡಬ್ಬಿ ಇಡಿಸಿಕೊಂಡರು. ಚಿನ್ನು ಅಲ್ಲೇ ಹಟ ಹಿಡಿದು ಕೂತಳಂತೆ. ರಂಜಿತ ಎಷ್ಟು ರಮಿಸಿದರೂ ಏಳಲಿಲ್ಲವಂತೆ. ಆಮೇಲೆ ಚಿನ್ನುವೇ ಬ್ಯಾಗಿನಿಂದ ಹಾಳೆ, ಪೆನ್ಸಿಲು ತೆಗೆದು ಬೆಂಚಿನ ಮೇಲಿಟ್ಟುಕೊಂಡು ಬರೆಯಲು ಶುರು ಮಾಡಿದಳಂತೆ. ಅವರ ಸರದಿ ಕೂಗಿದರೂ ತಡೀರಿ ಅಂದಳಂತೆ. ಸಾಹೇಬರು ನಕ್ಕು ಮುಂದಿನವರನ್ನು ಕಳಿಸಿದರಂತೆ.

ನಮ್ಮ ನಡುವೆ ತಂತಿ ಜಾಲರಿ ಇರುತ್ತದೆ ಮೇಡಂ. ನನ್ನನ್ನು ನೋಡಿದ ತಕ್ಷಣ ಅವಳು ಅಮ್ಮನ ಸೆರಗಿನ ಹಿಂದೆ ಹೋದಳು. ಎತ್ತರ ಆಗಿದ್ದಾಳೆ. ಮುಂದಿನ ಹಲ್ಲು ಬಿದ್ದಿದೆ, ಅದು ಯಾವಾಗ ಬಿತ್ತು ಅಂತ ನನಗೆ ಗೊತ್ತಿಲ್ಲ. ರಂಜಿತ ನೆಲ ನೋಡುತ್ತಿದ್ದಳು. ನಾನು ಏನೇನೋ ಮಾತಾಡಬೇಕು ಅಂತ ವಾರದಿಂದ ಕೂಡಿಸಿಟ್ಟುಕೊಂಡಿದ್ದೆ. ಆದರೆ ಅತ್ತುಬಿಟ್ಟೆ. ಮಗಳ ಮುಂದೆ ಅಳಬಾರದು ಅಂದುಕೊಂಡಿದ್ದೆ, ಆಗಲಿಲ್ಲ.

ಆಗ ಅವಳು ಮುಂದೆ ಬಂದು ಹಾಳೆಯನ್ನು ಜಾಲರಿಗೆ ಒತ್ತಿ ಹಿಡಿದಳು. ಮಡಿಸಿರಲಿಲ್ಲ, ಮನೆಗಳಿರಲಿಲ್ಲ, ಇಡೀ ಹಾಳೆಗೆ ಒಂದೇ ತಟ್ಟೆ. ಅದರ ತುಂಬ ಅನ್ನ, ಒಂದೊಂದು ಅಗುಳೂ ಬೇರೆ ಬೇರೆ. ಕಡಲೆಬೀಜ, ಕರಿಬೇವು, ಒಂದು ಪಕ್ಕ ಉಪ್ಪಿನಕಾಯಿ.

"ತಿನ್ನು" ಅಂದಳು.

ನಾನು ಬೆರಳು ಕೂಡಿಸಿ ಹಾಳೆಯಿಂದ ಎತ್ತಿ ಬಾಯಿಗಿಟ್ಟುಕೊಂಡೆ. ಅಗಿದೆ. ಕಾವಲಿನವರು ನೋಡುತ್ತಿದ್ದರು, ಪಕ್ಕದವರೂ ನೋಡುತ್ತಿದ್ದರು, ನಾನು ತಿನ್ನುತ್ತಲೇ ಇದ್ದೆ.

"ಎಂಗದೆ?" ಅಂದಳು.

ಚೆನ್ನಾಗದೆ ಅನ್ನಲು ಹೊರಟೆ. ಅವಳು ನನ್ನನ್ನೇ ನೋಡುತ್ತಿದ್ದಳು. ಒಂದು ಸಲ ಸುಳ್ಳು ಕೇಳಿ ತೂಬಿನವರೆಗೆ ನಡೆದುಹೋದ ಮಗು ಅದು. ಆವತ್ತಿನ ಅವಳ ಡಬ್ಬಿಯ ಬಗ್ಗೆ ನೀವು ಬರೆದಿದ್ದು ನೆನಪಿಗೆ ಬಂತು. "ಉಪ್ಪು ಒಸಿ ಕಮ್ಮಿ ಅದೆ ಕಣವ್ವ" ಅಂದೆ.

ಅವಳ ಮುಖ ಅರಳಿತು ಮೇಡಂ. "ಅಜ್ಜಿ ಯಾವಾಗ್ಲೂ ಅಂಗೇಯ" ಅಂದಳು. ಆ ಜಾಲರಿಯ ಕಂಡಿಯಲ್ಲಿ ಬೆರಳು ತೂರುವುದಿಲ್ಲ, ಪೆನ್ಸಿಲು ತೂರುತ್ತದೆ. ಹಾಳೆಯನ್ನು ಪೆನ್ಸಿಲಿನಷ್ಟು ಸಣ್ಣಗೆ ಸುರುಳಿ ಸುತ್ತಿ ನನ್ನ ಕಡೆ ತೂರಿಸಿದಳು, ನಾನು ಬಿಚ್ಚಿ ಜಾಲರಿಗೆ ಹಿಡಿದೆ. ಅವಳು ಆ ಕಡೆಯಿಂದ ಪೆನ್ಸಿಲು ತೂರಿಸಿ ಅನ್ನದ ಮೇಲೆಲ್ಲ ಚುಕ್ಕಿ ಚುಕ್ಕಿ ಉಪ್ಪು ಉದುರಿಸಿದಳು. ಪೆನ್ಸಿಲಿನ ಮೊನೆ ಹಾಳೆ ತೂತು ಮಾಡಿ ಎರಡು ಮೂರು ಕಡೆ ನನ್ನ ಅಂಗೈಗೆ ಚುಚ್ಚಿತು. ಅವಳು ಹಾಕುವುದು ಮುಗಿಯುವವರೆಗೂ ನಾನು ಕೈ ತೆಗೆಯಲಿಲ್ಲ.

"ಈಗ?" ಅಂದಳು.

ಇನ್ನೊಂದು ತುತ್ತು ತಿಂದು, ಈಗ ಸರಿಯಾಯ್ತು ಅಂದೆ. ಆಗ ರಂಜಿತ ತಲೆಯೆತ್ತಿ ನನ್ನನ್ನು ನೋಡಿದಳು.

ನೀವು ಕೇಳುತ್ತೀರಿ ಅಂತ ಗೊತ್ತು. ಹೌದು ಮೇಡಂ, ಹೀಗೇ ನಡೀತು.

ರವೀಂದ್ರ